ನೂರು ವರ್ಷ ಮುಂದೆ ನೋಡಿದ ತೋಟಗಾರ



ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದರೆ ನಮ್ಮ ಕೋಲಾರ ಸೀಮೆಯಲ್ಲಿ ಹುಣಸೆ ಬಡಿಯುವ ಕೆಲಸ ಶುರುವಾಗುತ್ತದೆ. ಹೋಳೂರಿನ ಕಡೆಯಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಾಗಲಿ, ನೀವು ಈ ಕೆಲಸವನ್ನು ನೋಡಿರುತ್ತೀರಿ. ಗಟ್ಟಿ ಕೈಕಾಲಿನವರು ಉದ್ದನೆಯ ಕೋಲು ಹಿಡಿದು ಮರ ಹತ್ತುತ್ತಾರೆ. ಕೊಂಬೆಯಿಂದ ಕೊಂಬೆಗೆ ಸರಿಯುತ್ತ ಹಣ್ಣು ಉದುರಿಸುತ್ತಾರೆ. ಕೆಳಗಿರುವವರು ಆರಿಸಿ ಗುಡ್ಡೆ ಹಾಕುತ್ತಾರೆ. ಆ ಮರವನ್ನು ನೆಟ್ಟವರು ಯಾರು ಎಂದು ನಿಮ್ಮ ಅಜ್ಜನನ್ನು ಕೇಳಿ ನೋಡಿ. ತಾವು ಚಿಕ್ಕವರಿದ್ದಾಗಲೂ ಅದು ಇಷ್ಟೇ ದೊಡ್ಡದಾಗಿತ್ತು ಎಂದು ಅವರು ಹೇಳಬಹುದು. ನೆಟ್ಟವರು ಯಾರೋ, ಹಣ್ಣು ತಿನ್ನುತ್ತಿರುವವರು ನೀವು!

ಈಗ ಇನ್ನೊಂದು ನೋಟವನ್ನು ನೆನಪಿಸಿಕೊಳ್ಳಿ. ರಸ್ತೆ ಬದಿಯ ಮರದ ಒಂದು ಕೊಂಬೆ ತಂತಿಗೆ ತಾಗುತ್ತಿದೆ. ಯಾರೋ ಅವಸರದಲ್ಲಿ ಮಚ್ಚು ತಂದು ಮೇಲಿನಿಂದ ಕಡಿಯುತ್ತಾರೆ. ಪೂರ್ತಿ ಕಡಿಯುವ ಮೊದಲೇ ಕೊಂಬೆ ತನ್ನ ಭಾರಕ್ಕೆ ಮುರಿದು ಬೀಳುತ್ತದೆ. ಬೀಳುವಾಗ ಕಾಂಡದ ತೊಗಟೆಯನ್ನೂ ಮಾರುದ್ದ ಸಿಗಿದುಕೊಂಡು ಹೋಗುತ್ತದೆ. ಮುಂದಿನ ಮಳೆಗಾಲದಲ್ಲಿ ಆ ಗಾಯದಲ್ಲಿ ನೀರು ನಿಲ್ಲುತ್ತದೆ. ಅಣಬೆ ಏಳುತ್ತದೆ. ಕೆಲವು ವರ್ಷಗಳಲ್ಲಿ ಅಲ್ಲೊಂದು ಪೊಟರೆ. ಒಂದು ದಿನ ಬಿರುಗಾಳಿ ಬೀಸಿದಾಗ ಮರವೇ ಉರುಳುತ್ತದೆ. ಎಂಬತ್ತು ವರ್ಷ ಬೆಳೆದ ಮರವನ್ನು ಹಾಳುಮಾಡಲು ಐದು ನಿಮಿಷದ ತಪ್ಪು ಕೆಲಸ ಸಾಕಾಯಿತು.

ನೆಡುವುದು ಒಂದು ದಿನದ ಕೆಲಸ. ನೋಡಿಕೊಳ್ಳುವುದು ನೂರು ವರ್ಷದ ಕೆಲಸ. ಈ ಮಾತನ್ನು ಅರ್ಥ ಮಾಡಿಕೊಳ್ಳಲು ಒಬ್ಬ ತೋಟಗಾರರ ಜೀವನವನ್ನು ತಿಳಿಯೋಣ. ಅವರು ಹುಟ್ಟಿದ್ದು ಜರ್ಮನಿಯಲ್ಲಿ. ಮಣ್ಣಾದದ್ದು ನಮ್ಮ ಬೆಂಗಳೂರಿನಲ್ಲಿ. ಅವರ ಹೆಸರು ಗುಸ್ಟಾವ್ ಹರ್ಮನ್ ಕೃಂಬಿಗಲ್.

ಲೋಮೆನ್‌ನಿಂದ ಲಂಡನ್ನಿಗೆ

ಜರ್ಮನಿಯಲ್ಲಿ ಡ್ರೆಸ್ಡೆನ್ ಎಂಬ ನಗರವಿದೆ. ಅದರ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ 1865ರ ಡಿಸೆಂಬರ್ 18ರಂದು ಕೃಂಬಿಗಲ್ ಹುಟ್ಟಿದರು. ಸಮೀಪದ ಪಿಲ್‌ನಿಟ್ಸ್ ಎಂಬಲ್ಲಿ ಅರಮನೆಯೂ ದೊಡ್ಡ ಉದ್ಯಾನವೂ ಇದ್ದವು. ಹುಡುಗ ಅಲ್ಲಿ ತೋಟಗಾರಿಕೆ ಕಲಿತ. ಆಗ ತೋಟಗಾರಿಕೆಯನ್ನು ಕಲಿಯುವುದೆಂದರೆ ಪುಸ್ತಕ ಓದುವುದಷ್ಟೇ ಆಗಿರಲಿಲ್ಲ. ಮಣ್ಣು ಅಗೆಯಬೇಕು, ಗೊಬ್ಬರ ಹೊರಬೇಕು, ಬೀಜ ಬಿತ್ತಬೇಕು, ಕಸಿ ಕಟ್ಟಬೇಕು, ಕತ್ತರಿ ಗರಗಸಗಳನ್ನು ಸಾಣೆ ಹಿಡಿದು ಇಡಬೇಕು. ಕೈ ಕೆಸರಾಗದೆ ಯಾರೂ ತೋಟಗಾರರಾಗುತ್ತಿರಲಿಲ್ಲ.

ಮುಂದೆ ಅವರು ಹ್ಯಾಂಬರ್ಗ್ ನಗರದಲ್ಲಿ ಕೆಲಸ ಮಾಡಿ, ಅಲ್ಲಿಂದ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಮಡಿಗಳ ಕೆಲಸ ಮಾಡಿದರು. ಬಳಿಕ ಕ್ಯೂ ಸಸ್ಯೋದ್ಯಾನ ಸೇರಿದರು. ಕ್ಯೂ ಎಂದರೆ ಏನು ಗೊತ್ತೇ? ಲೋಕದ ನಾನಾ ದೇಶಗಳ ಗಿಡಮರಗಳನ್ನು ತಂದು ಬೆಳೆಸಿ, ಹೆಸರು ಗುರುತಿಸಿ, ಅಧ್ಯಯನ ಮಾಡುವ ದೊಡ್ಡ ಸಸ್ಯೋದ್ಯಾನ. ಯಾವ ಮರ ಎಷ್ಟು ಎತ್ತರಕ್ಕೆ ಹೋಗುತ್ತದೆ, ಯಾವುದಕ್ಕೆ ಎಂಥ ಮಣ್ಣು ಬೇಕು, ಯಾವುದು ಯಾವ ತಿಂಗಳು ಹೂ ಬಿಡುತ್ತದೆ ಎಂಬ ಲೆಕ್ಕವನ್ನು ಅಲ್ಲಿ ಬರೆದಿಡುತ್ತಿದ್ದರು. ಈ ಲೆಕ್ಕದ ಬುದ್ಧಿ ಮುಂದೆ ನಮ್ಮ ನಾಡಿಗೆ ಬಹಳ ಉಪಯೋಗವಾಯಿತು.

ಬರೋಡದಿಂದ ಬೆಂಗಳೂರಿಗೆ

1893ರಲ್ಲಿ ಕೃಂಬಿಗಲ್ ಭಾರತಕ್ಕೆ ಬಂದರು. ಗುಜರಾತಿನ ಬರೋಡ ಸಂಸ್ಥಾನವನ್ನು ಆಗ ಮಹಾರಾಜ ಸಯಾಜಿರಾವ್ ಗಾಯಕವಾಡರು ಆಳುತ್ತಿದ್ದರು. ಅವರ ಉದ್ಯಾನಗಳನ್ನು ನೋಡಿಕೊಳ್ಳುವ ಕೆಲಸ ಕೃಂಬಿಗಲ್ ಅವರದಾಯಿತು. ಚಳಿದೇಶದಲ್ಲಿ ಕಲಿತವರಿಗೆ ಸುಡುಬಿಸಿಲಿನ ನೆಲ ಹೊಸ ಪಾಠಶಾಲೆ. ಅಲ್ಲಿ ಹಿಮ ಬೀಳುತ್ತದೆಂದು ಗಿಡಕ್ಕೆ ಹೊದಿಕೆ ಹಾಕುತ್ತಿದ್ದವರು ಇಲ್ಲಿ ಬಿಸಿಲಿಗೆ ಚಪ್ಪರ ಹಾಕಬೇಕಾಯಿತು. ನಮ್ಮ ದೇಶದ ಮಳೆ, ಮಣ್ಣು, ಗಾಳಿಗಳನ್ನು ಅವರು ಅಲ್ಲಿ ಅರಿತರು.

ಆ ಹೊತ್ತಿಗೆ ಮೈಸೂರು ಸಂಸ್ಥಾನವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ನಮ್ಮ ಕೋಲಾರ ಜಿಲ್ಲೆಯೂ ಆಗ ಮೈಸೂರು ಸಂಸ್ಥಾನಕ್ಕೇ ಸೇರಿತ್ತು. ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು 1760ರ ಸುಮಾರಿಗೆ ಹೈದರಾಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿದ್ದರು. 1874ರಿಂದ ಜಾನ್ ಕ್ಯಾಮರಾನ್ ಎಂಬ ತಜ್ಞರು ಅದನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿನ ಗಾಜಿನ ಮನೆ ಎದ್ದದ್ದು ಅವರ ಕಾಲದಲ್ಲೇ. ಅವರ ನಂತರ, 1908ರಲ್ಲಿ, ಲಾಲ್‌ಬಾಗಿನ ಹೊಣೆ ಕೃಂಬಿಗಲ್ ಅವರ ಹೆಗಲಿಗೆ ಬಂತು. ಆಗ ಅವರಿಗೆ 42 ವರ್ಷ.

ಲಾಲ್‌ಬಾಗ್ ಅವರಿಗೆ ಬರೀ ಹೂದೋಟವಾಗಿರಲಿಲ್ಲ. ಅದು ಒಂದು ಪ್ರಯೋಗಶಾಲೆಯಾಗಿತ್ತು. ಹೊರದೇಶಗಳ ಸಸ್ಯೋದ್ಯಾನಗಳ ಜೊತೆ ಬೀಜಗಳನ್ನು ಕೊಟ್ಟು ತೆಗೆದುಕೊಳ್ಳುವ ವಿನಿಮಯ ನಡೆಯುತ್ತಿತ್ತು. ಬಂದ ಬೀಜವನ್ನು ಮೊದಲು ಸಸಿಮಡಿಯಲ್ಲಿ ಬೆಳೆಸಿ, ನಮ್ಮ ಹವೆಗೆ ಒಗ್ಗುತ್ತದೆಯೇ ಎಂದು ನೋಡುತ್ತಿದ್ದರು. 1912ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಿತು. ಲಾಲ್‌ಬಾಗಿನಲ್ಲಿ ತೋಟಗಾರರಿಗೆ ತರಬೇತಿ ಕೊಡುವ ಶಾಲೆಯೂ ಆರಂಭವಾಯಿತು. ಒಬ್ಬ ತಜ್ಞ ಎಷ್ಟು ಮರ ನೋಡಿಕೊಳ್ಳಬಲ್ಲ? ಕಲಿತ ಕೈಗಳು ಹೆಚ್ಚಾದರೆ ಮಾತ್ರ ಮರಗಳು ಉಳಿಯುತ್ತವೆ.

ತಿಂಗಳಿಗೊಂದು ಬಣ್ಣ

ಬೆಂಗಳೂರಿಗೆ ಹೋದವರು ಅಲ್ಲಿನ ರಸ್ತೆಗಳಲ್ಲಿ ಒಂದು ಸೋಜಿಗವನ್ನು ನೋಡಿರಬಹುದು. ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿಯ ಮರ ಹೂ ಬಿಡುತ್ತದೆ. ಚಳಿಗಾಲ ಮುಗಿಯುವಾಗ ಗುಲಾಬಿ ಬಣ್ಣದ ಟಬೆಬುಯಾ. ಆಮೇಲೆ ಹಳದಿ ಟಬೆಬುಯಾ. ಬೇಸಿಗೆ ಹತ್ತಿರವಾದಂತೆ ನೇರಳೆ ಬಣ್ಣದ ಜಕರಂಡ. ಏಪ್ರಿಲ್, ಮೇ ತಿಂಗಳಲ್ಲಿ ಕೆಂಡದಂತಹ ಗುಲ್‌ಮೊಹರ್. ಇದರ ಉದ್ದ ಕಾಯಿ ಹಿಡಿದು ನೀವು ಕತ್ತಿವರಸೆ ಆಡುತ್ತೀರಲ್ಲ, ಅದೇ ಕತ್ತಿಕಾಯಿ ಮರ. ಅದೇ ಸುಮಾರಿಗೆ ನಮ್ಮ ಕಾಡಿನ ಕಕ್ಕೆ ಮರದಲ್ಲಿ ಹಳದಿ ಹೂಗೊಂಚಲು ಜೋತಾಡುತ್ತವೆ.

ಇದು ತಾನಾಗಿ ಆದದ್ದಲ್ಲ. ವರ್ಷದ ಯಾವ ತಿಂಗಳಲ್ಲೂ ಊರು ಹೂವಿಲ್ಲದೆ ಇರಬಾರದು ಎಂದು ಯೋಚಿಸಿ ಮರಗಳನ್ನು ಆರಿಸಿ ನೆಡುವ ಕ್ರಮ ಇದು. ಬೆಂಗಳೂರಿನಲ್ಲಿ ಈ ಕ್ರಮವನ್ನು ತಂದ ಹೆಸರು ಕೃಂಬಿಗಲ್ ಅವರದು. ಅವರ ನಂತರ ಬಂದ ತೋಟಗಾರಿಕೆ ತಜ್ಞರೂ ಅರಣ್ಯಾಧಿಕಾರಿಗಳೂ ಅದನ್ನು ಮುಂದುವರಿಸಿದರು.

ಹೂ ಮಾತ್ರ ನೋಡಿ ರಸ್ತೆಗೆ ಮರ ಆರಿಸಿದರೆ ಸಾಲದು. ಮರ ಎಷ್ಟು ಎತ್ತರ ಬೆಳೆಯುತ್ತದೆ? ಕೊಂಬೆ ಎಷ್ಟು ಅಗಲ ಹರಡುತ್ತದೆ? ಕಟ್ಟಿಗೆ ಗಟ್ಟಿಯೋ, ಗಾಳಿಗೆ ಪಟ್ಟನೆ ಮುರಿಯುವಂಥದೋ? ಬೇರು ಆಳಕ್ಕೆ ಇಳಿಯುತ್ತದೆಯೋ, ಮೇಲೆ ಮೇಲೆ ಹರಡುತ್ತದೆಯೋ? ಮಳೆಮರ ಅಗಲವಾಗಿ ಹರಡುತ್ತದೆ. ಇಕ್ಕಟ್ಟಾದ ಬೀದಿಗೆ ಅದು ಸಲ್ಲದು. ಗುಲ್‌ಮೊಹರ್ ಬೇಗ ಬೆಳೆಯುತ್ತದೆ, ಆದರೆ ಅದರ ಕೊಂಬೆ ಬೇಗ ಮುರಿಯುತ್ತದೆ. ಹೊಂಗೆ ನಿಧಾನ, ಆದರೆ ನೆರಳಿಗೆ ಅದಕ್ಕೆ ಸಾಟಿಯಿಲ್ಲ. ಅಂಗೈಯಗಲದ ಸಸಿಯನ್ನು ನೆಡುವಾಗಲೇ ನೂರು ವರ್ಷದ ನಂತರದ ದೊಡ್ಡ ಮರವನ್ನು ಮನಸ್ಸಿನಲ್ಲಿ ನೋಡಬೇಕು. ಒಳ್ಳೆಯ ತೋಟಗಾರರ ಜಾಣತನ ಇರುವುದು ಅಲ್ಲೇ.

ಒಂದು ಮಾತನ್ನು ನೆನಪಿಡಿ. ಜಕರಂಡ, ಟಬೆಬುಯಾ, ಮಳೆಮರ ಇವು ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಡೆಯವು. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಇವು ಕಣ್ಣಿಗೆ ಚಂದ. ಆದರೆ ನಮ್ಮ ಹಕ್ಕಿ, ಚಿಟ್ಟೆ, ಜೇನುಗಳಿಗೆ ಆಲ, ಅತ್ತಿ, ಹೊಂಗೆ, ಬೇವು, ನೇರಳೆಯಂತಹ ನಮ್ಮ ನೆಲದ ಮರಗಳೂ ಬೇಕು ಎಂಬುದಕ್ಕೆ ಇಂದಿನ ವಿಜ್ಞಾನಿಗಳು ಹೆಚ್ಚು ಒತ್ತು ಕೊಡುತ್ತಾರೆ.

ನೆಟ್ಟ ಮೇಲೆ ಏನು?

ಸಸಿ ನೆಟ್ಟು ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಮರವಾಗುವುದಿಲ್ಲ. ಮೊದಲ ಎರಡು ಮೂರು ಬೇಸಿಗೆ ನೀರು ಕೊಡಬೇಕು. ದನ, ಆಡು ತಿನ್ನದಂತೆ ಮುಳ್ಳುಬೇಲಿ ಕಟ್ಟಬೇಕು. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಆಲದ ಮರಗಳ ಸಾಲನ್ನೇ ಬೆಳೆಸಿದ ಸಾಲುಮರದ ತಿಮ್ಮಕ್ಕನವರ ಕಥೆ ನಿಮಗೆ ಗೊತ್ತು. ಅವರೂ ಅವರ ಗಂಡನೂ ಬಿಂದಿಗೆಯಲ್ಲಿ ನೀರು ಹೊತ್ತು ಸಸಿಗಳನ್ನು ಸಾಕಿದರು. ಅವರ ಹೆಸರು ಉಳಿದದ್ದು ನೆಟ್ಟದ್ದಕ್ಕಷ್ಟೇ ಅಲ್ಲ, ಸಾಕಿದ್ದಕ್ಕೆ.

ಮರ ದೊಡ್ಡದಾದ ಮೇಲೂ ಆರೈಕೆ ಬೇಕು. ಒಣಗಿದ ಕೊಂಬೆ ಯಾರ ತಲೆಯ ಮೇಲಾದರೂ ಬೀಳಬಹುದು. ಒಂದಕ್ಕೊಂದು ಉಜ್ಜುವ ಕೊಂಬೆಗಳಿಗೆ ಗಾಯವಾಗುತ್ತದೆ. ಬಂದಳಿಕೆ ಅಂಟಿಕೊಂಡು ರಸ ಹೀರುತ್ತದೆ. ಇಂಥದ್ದನ್ನೆಲ್ಲ ನೋಡಿ ಸರಿಪಡಿಸುವವರನ್ನು ಮರವೈದ್ಯರು ಎನ್ನಬಹುದು. ಹೊರದೇಶಗಳಲ್ಲಿ ಇದೊಂದು ಉದ್ಯೋಗವೇ ಆಗಿದೆ. ಜಾನ್ ಡೇವಿ ಎಂಬವರು ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ತೋಟಗಾರ. ಮರಗಳ ಚಿಕಿತ್ಸೆಯ ಬಗ್ಗೆ 1901ರಲ್ಲಿ ಅವರು ಮರವೈದ್ಯ ಎಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕ ಬರೆದರು. ಕೃಂಬಿಗಲ್ ಲಾಲ್‌ಬಾಗಿಗೆ ಬರುವ ಏಳು ವರ್ಷ ಮೊದಲಿನ ಮಾತು ಇದು.

ಮರವೈದ್ಯರ ಚೀಲದಲ್ಲಿ ಏನಿದೆ?

ವೈದ್ಯರು ಮೊದಲು ನಾಡಿ ನೋಡುತ್ತಾರೆ, ಆಮೇಲೆ ಮದ್ದು ಕೊಡುತ್ತಾರೆ. ಮರವೈದ್ಯರೂ ಹಾಗೆಯೇ. ಮೊದಲು ಮರದ ಸುತ್ತ ನಿಧಾನವಾಗಿ ನಡೆದು ನೋಡುತ್ತಾರೆ. ಬುಡದಲ್ಲಿ ಅಣಬೆ ಎದ್ದಿದೆಯೇ? ಮಣ್ಣು ಬಿರುಕು ಬಿಟ್ಟಿದೆಯೇ? ಯಾವ ಕೊಂಬೆಯಲ್ಲಿ ಎಲೆಯಿಲ್ಲ? ಹೆಜ್ಜೇನು ಕಟ್ಟಿದೆಯೇ? ಕರೆಂಟಿನ ತಂತಿ ಎಷ್ಟು ಹತ್ತಿರ ಇದೆ? ಮರದ ಸುತ್ತಿಗೆಯಿಂದ ಕಾಂಡವನ್ನು ಮೆಲ್ಲಗೆ ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಕಾಂಡದ ಸದ್ದೇ ಬೇರೆ, ಟೊಳ್ಳು ಕಾಂಡದ ಸದ್ದೇ ಬೇರೆ. ನಿಮ್ಮ ಅಮ್ಮ ಮಡಕೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ? ಹಾಗೆಯೇ ಇದು.

ಅವರ ಉಪಕರಣಗಳು ಇವು:

ಕತ್ತರಿ: ಬೆರಳು ಗಾತ್ರದ ಕಡ್ಡಿಗಳಿಗೆ. ಅಲಗು ಹರಿತವಾಗಿರಬೇಕು. ಮೊಂಡು ಕತ್ತರಿ ಕಡ್ಡಿಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ.

ಕೈಗರಗಸ: ಬಾಗಿದ ಅಲಗಿನ ಗರಗಸ. ಇದರ ಹಲ್ಲುಗಳು ಎಳೆಯುವಾಗ ಕೊಯ್ಯುತ್ತವೆ, ತಳ್ಳುವಾಗ ಅಲ್ಲ. ಮರದ ಮೇಲೆ ನಿಂತವರಿಗೆ ತಳ್ಳುವುದಕ್ಕಿಂತ ಎಳೆಯುವುದು ಸುಲಭ ಮತ್ತು ಕ್ಷೇಮ.

ದೋಟಿ ಗರಗಸ: ಮಾವಿನಕಾಯಿ ಕೀಳುವ ದೋಟಿ ನಿಮಗೆ ಗೊತ್ತಲ್ಲ? ಅದರ ತುದಿಗೆ ಗರಗಸ ಕಟ್ಟಿದ್ದಾರೆ ಎಂದುಕೊಳ್ಳಿ. ನೆಲದ ಮೇಲೆ ನಿಂತೇ ಮೇಲಿನ ಸಣ್ಣ ಕೊಂಬೆ ಕೊಯ್ಯಬಹುದು.

ಹಗ್ಗಗಳು: ಮರ ಹತ್ತಲು ಒಂದು, ಕೊಯ್ದ ಕೊಂಬೆಯನ್ನು ಕಟ್ಟಿ ಮೆಲ್ಲಗೆ ಇಳಿಸಲು ಇನ್ನೊಂದು. ಕೃಂಬಿಗಲ್ ಲಾಲ್‌ಬಾಗಿಗೆ ಬಂದಾಗ ನೈಲಾನ್ ಇನ್ನೂ ಹುಟ್ಟಿರಲಿಲ್ಲ. ಆಗಿನದೆಲ್ಲ ನಾರಿನ ಹಗ್ಗ. ಮಳೆಯಲ್ಲಿ ನೆನೆದರೆ ಅದು ಕೊಳೆಯುತ್ತಿತ್ತು. ಇಂದಿನ ಹಗ್ಗಗಳು ಹಗುರ, ಗಟ್ಟಿ, ಬೇಗ ಕೊಳೆಯುವುದಿಲ್ಲ.

ಸೊಂಟಪಟ್ಟಿ, ಹೆಲ್ಮೆಟ್, ಕೈಗವಸು, ಕನ್ನಡಕ: ಇವು ಮರಕ್ಕಲ್ಲ, ಮನುಷ್ಯನಿಗೆ. ಸೊಂಟ ಮತ್ತು ತೊಡೆಗಳನ್ನು ಸುತ್ತುವ ಅಗಲವಾದ ಪಟ್ಟಿ ಹತ್ತುವವರ ಭಾರವನ್ನು ಹೊರುತ್ತದೆ.

ಮೋಟಾರು ಗರಗಸ: ಇಂದು ದಪ್ಪ ಕೊಂಬೆಗೆ ಇದನ್ನು ಬಳಸುತ್ತಾರೆ. ಕೃಂಬಿಗಲ್ ಲಾಲ್‌ಬಾಗಿಗೆ ಬಂದ ಕಾಲದಲ್ಲಿ ಇದನ್ನು ಹಿಡಿದು ಮರ ಹತ್ತುವವರು ಇರಲಿಲ್ಲ. ಎಲ್ಲವೂ ತೋಳಿನ ಬಲದಿಂದಲೇ ಆಗಬೇಕಿತ್ತು.

ಹಗ್ಗ ಹಿಡಿದು ಮೇಲೆ

ಈಚಲು ಮರ, ತೆಂಗಿನ ಮರ ಹತ್ತುವವರು ಹಗ್ಗದ ಬಳೆಯನ್ನು ಮರಕ್ಕೆ ಸುತ್ತಿ ಅದರ ಆಸರೆಯಲ್ಲಿ ಏರುವುದನ್ನು ನೀವು ಕಂಡಿರಬಹುದು. ಅಲ್ಲಿ ಕೊಂಬೆಗಳಿಲ್ಲ, ಕಾಂಡ ನೇರ. ಕೊಂಬೆ ಹರಡಿದ ದೊಡ್ಡ ಮರಕ್ಕೆ ಬೇರೆ ಉಪಾಯ ಬೇಕು.

ಇಂದಿನ ಮರವೈದ್ಯರು ತೆಳುವಾದ ದಾರದ ತುದಿಗೆ ಸಣ್ಣ ಭಾರದ ಚೀಲ ಕಟ್ಟಿ, ಮೇಲಿನ ಗಟ್ಟಿ ಕೊಂಬೆಯ ಮೇಲಿಂದ ಆಚೆಗೆ ಬೀಳುವಂತೆ ಎಸೆಯುತ್ತಾರೆ. ಆ ದಾರಕ್ಕೆ ದಪ್ಪ ಹಗ್ಗವನ್ನು ಕಟ್ಟಿ ಎಳೆದುಕೊಳ್ಳುತ್ತಾರೆ. ಹಗ್ಗ ಕೊಂಬೆಯನ್ನು ಬಳಸಿ ಕೆಳಗೆ ಬರುತ್ತದೆ. ಆಮೇಲೆ ಸೊಂಟಪಟ್ಟಿಯನ್ನು ಹಗ್ಗಕ್ಕೆ ಸೇರಿಸುವುದು ಒಂದು ವಿಶೇಷ ಗಂಟಿನಿಂದ. ತೆಳು ಹಗ್ಗವನ್ನು ದಪ್ಪ ಹಗ್ಗದ ಸುತ್ತ ಹಲವು ಸುತ್ತು ಸುತ್ತಿದ ಗಂಟು ಅದು. ಭಾರವಿಲ್ಲದಾಗ ಅದು ಸಲೀಸಾಗಿ ಜಾರುತ್ತದೆ. ಭಾರ ಬಿದ್ದೊಡನೆ ಬಿಗಿದು ಹಿಡಿದುಕೊಳ್ಳುತ್ತದೆ. ಇದಕ್ಕೆ ಕಾರಣ ನೀವು ಪಾಠದಲ್ಲಿ ಓದುವ ಘರ್ಷಣೆ. ಜಾರುವ ನೆಲದಲ್ಲಿ ಬೀಳಿಸದೆ ನಿಲ್ಲಿಸುವ ಘರ್ಷಣೆಯೇ ಇಲ್ಲಿ ಒಂದು ಜೀವವನ್ನು ಹಿಡಿದಿರುತ್ತದೆ!

ಮೇಲೆ ತಲಪಿದ ಮೇಲೆ, ಗರಗಸ ಎತ್ತುವ ಮೊದಲು, ಇನ್ನೊಂದು ಗಿಡ್ಡ ಹಗ್ಗದಿಂದ ತಮ್ಮನ್ನು ಮರಕ್ಕೆ ಕಟ್ಟಿಕೊಳ್ಳುತ್ತಾರೆ. ಗರಗಸ ತಪ್ಪಿ ಒಂದು ಹಗ್ಗಕ್ಕೆ ತಾಗಿದರೂ ಇನ್ನೊಂದು ಕಾಪಾಡಬೇಕು. ಕೆಳಗೆ ಒಬ್ಬರು ಯಾವಾಗಲೂ ನಿಂತಿರುತ್ತಾರೆ. ಒಬ್ಬರೇ ಮರ ಹತ್ತಿ ಕೆಲಸ ಮಾಡುವ ಪದ್ಧತಿ ಇಲ್ಲ. ಚೂಪು ಮೊಳೆಯ ಪಾದರಕ್ಷೆ ಹಾಕಿ ಜೀವಂತ ಮರ ಹತ್ತುವುದಿಲ್ಲ, ಏಕೆಂದರೆ ಪ್ರತಿ ಹೆಜ್ಜೆಯೂ ತೊಗಟೆಗೆ ಒಂದು ಗಾಯ. ಚಿಕಿತ್ಸೆಗೆ ಬಂದವರೇ ಗಾಯ ಮಾಡಬಾರದಲ್ಲವೇ?

ಮೂರು ಕೊಯ್ತದ ಗುಟ್ಟು

ಆರಂಭದಲ್ಲಿ ಮಚ್ಚಿನಿಂದ ಕಡಿದ ಕೊಂಬೆಯ ಮಾತು ಬಂತಲ್ಲ, ಅದನ್ನು ಸರಿಯಾಗಿ ತೆಗೆಯುವುದು ಹೇಗೆ? ಮೂರು ಕೊಯ್ತದಲ್ಲಿ.

ಮೊದಲನೆಯದು: ಕಾಂಡದಿಂದ ಒಂದು ಅಡಿ ದೂರದಲ್ಲಿ, ಕೊಂಬೆಯ ಕೆಳಭಾಗದಿಂದ ಮೇಲಕ್ಕೆ, ಮೂರರಲ್ಲಿ ಒಂದು ಭಾಗದಷ್ಟು ಕೊಯ್ಯಬೇಕು.

ಎರಡನೆಯದು: ಅದಕ್ಕಿಂತ ಸ್ವಲ್ಪ ಆಚೆ, ಮೇಲಿನಿಂದ ಕೊಯ್ಯಬೇಕು. ಈಗ ಕೊಂಬೆ ಮುರಿದು ಬೀಳುತ್ತದೆ. ಆದರೆ ತೊಗಟೆ ಸಿಗಿದುಕೊಂಡು ಬಂದರೂ ಮೊದಲ ಕೊಯ್ತದ ಹತ್ತಿರ ಅದು ನಿಂತುಬಿಡುತ್ತದೆ. ಕಾಂಡಕ್ಕೆ ಗಾಯವಿಲ್ಲ.

ಮೂರನೆಯದು: ಉಳಿದ ಮೋಟನ್ನು ತೆಗೆಯಬೇಕು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಒಂದು ಉಬ್ಬು ಇರುತ್ತದೆ. ಅದನ್ನು ಕೊಂಬೆಯ ಕೊರಳು ಎನ್ನೋಣ. ಕೊರಳನ್ನು ಉಳಿಸಿ, ಅದರ ಹೊರಗೆ ಒತ್ತಿಕೊಂಡಂತೆ ಕೊಯ್ಯಬೇಕು. ಮೋಟು ಉದ್ದ ಉಳಿದರೆ ಕೊಳೆಯುತ್ತದೆ. ಕೊರಳನ್ನೇ ಕೊಯ್ದರೆ ಕಾಂಡ ಕೊಳೆಯುತ್ತದೆ.

ಕೊರಳಿಗೆ ಇಷ್ಟು ಮಹತ್ವ ಏಕೆ? ನಮ್ಮ ಚರ್ಮಕ್ಕೆ ಗಾಯವಾದರೆ ಅದೇ ಜಾಗದಲ್ಲಿ ಹೊಸ ಚರ್ಮ ಬಂದು ವಾಸಿಯಾಗುತ್ತದೆ. ಮರಕ್ಕೆ ಹಾಗೆ ಆಗುವುದಿಲ್ಲ. ಗಾಯವಾದ ಕಟ್ಟಿಗೆ ಗಾಯವಾಗಿಯೇ ಉಳಿಯುತ್ತದೆ. ಮರ ಅದರ ಸುತ್ತ ಗೋಡೆ ಕಟ್ಟಿ, ಕೊಳೆತ ಒಳಗೆ ಹರಡದಂತೆ ತಡೆಯುತ್ತದೆ. ಆಮೇಲೆ ಹೊಸ ಕಟ್ಟಿಗೆ ಸುತ್ತಲಿನಿಂದ ಬಳೆಯ ಹಾಗೆ ಬೆಳೆದು ಗಾಯವನ್ನು ಮುಚ್ಚುತ್ತದೆ. ಗೋಡೆ ಕಟ್ಟುವ ಬಲ ಕೊಂಬೆಯ ಕೊರಳಿನಲ್ಲಿ ಹೆಚ್ಚಾಗಿರುತ್ತದೆ. ಅಮೆರಿಕದ ಅಲೆಕ್ಸ್ ಶೀಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ಇದನ್ನು ವಿವರಿಸಿದರು.

ಜಾನ್ ಡೇವಿಯವರ ಕಾಲದಲ್ಲಿ ಪೊಟರೆಗೆ ಸಿಮೆಂಟು ತುಂಬುವುದು, ಗಾಯಕ್ಕೆ ಡಾಂಬರು ಬಳಿಯುವುದು ಒಳ್ಳೆಯ ಚಿಕಿತ್ಸೆ ಎನಿಸಿಕೊಂಡಿತ್ತು. ಈಗ ಅವನ್ನು ಬಿಟ್ಟಿದ್ದಾರೆ. ಅವುಗಳಿಂದ ಕೊಳೆತ ನಿಲ್ಲುವುದಿಲ್ಲ ಎಂದು ತಿಳಿದುಬಂದಿದೆ. ಹಿಂದಿನವರು ದಡ್ಡರೇನಲ್ಲ. ಅವರಿಗೆ ತಿಳಿದಷ್ಟನ್ನು ಶ್ರದ್ಧೆಯಿಂದ ಮಾಡಿದರು. ಮುಂದಿನವರು ಪರೀಕ್ಷಿಸಿ ತಿದ್ದಿದರು. ವಿಜ್ಞಾನ ನಡೆಯುವುದೇ ಹೀಗೆ.

ಬಂಧನ, ಬಿಡುಗಡೆ, ಬೃಂದಾವನ

ಕೃಂಬಿಗಲ್ ಅವರ ಬಾಳಿನಲ್ಲಿ ಹೂವಿನ ದಾರಿ ಮಾತ್ರ ಇರಲಿಲ್ಲ. ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಜರ್ಮನಿ ಶತ್ರುಗಳಾದವು. ಭಾರತ ಆಗ ಬ್ರಿಟಿಷರ ಕೈಯಲ್ಲಿತ್ತು. ಜರ್ಮನ್ ಎಂಬ ಒಂದೇ ಕಾರಣಕ್ಕೆ ಕೃಂಬಿಗಲ್ ಅವರನ್ನೂ ಶತ್ರು ಎಂದು ಬಗೆದು ಬಂಧನದಲ್ಲಿ ಇಟ್ಟರು. ಯೋಚಿಸಿ ನೋಡಿ. ಈ ಊರಿನ ಬೀದಿಗಳಿಗೆ ನೆರಳು ಕೊಡಲು ದುಡಿದ ಮನುಷ್ಯ, ಅದೇ ಊರಿನಲ್ಲಿ ಶತ್ರು ಎನಿಸಿಕೊಂಡರು. ಮರಕ್ಕೆ ನೆಟ್ಟವರ ದೇಶ ಯಾವುದೆಂದು ಗೊತ್ತಿರುವುದಿಲ್ಲ. ಅದು ಎಲ್ಲರಿಗೂ ನೆರಳು ಕೊಡುತ್ತದೆ. ಬಂಧನದಿಂದ ಬಂದ ಮೇಲೂ ಅವರು ಕಹಿ ತುಂಬಿಕೊಂಡು ಈ ನಾಡನ್ನು ಬಿಟ್ಟು ಹೋಗಲಿಲ್ಲ.

ಸರ್ ಮಿರ್ಜಾ ಇಸ್ಮಾಯಿಲ್ ಅವರು 1926ರಿಂದ ಮೈಸೂರಿನ ದಿವಾನರಾಗಿದ್ದರು. ಊರುಗಳು ಚೊಕ್ಕಟವಾಗಿ, ಹಸಿರಾಗಿ ಇರಬೇಕೆಂಬ ಆಸೆ ಅವರಿಗೂ ಇತ್ತು. ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಉದ್ಯಾನ ರೂಪುಗೊಂಡಾಗ ಅದರ ವಿನ್ಯಾಸದಲ್ಲಿ ಕೃಂಬಿಗಲ್ ಅವರ ಪಾತ್ರ ದೊಡ್ಡದು. ನಿಮ್ಮ ಶಾಲೆಯಿಂದ ಮೈಸೂರು ಪ್ರವಾಸಕ್ಕೆ ಹೋದರೆ ಕಾರಂಜಿಗಳ ಜೊತೆ ಅಲ್ಲಿನ ಗಿಡಮರಗಳನ್ನೂ ನೋಡಿ ಬನ್ನಿ.

1932ರಲ್ಲಿ ಕೃಂಬಿಗಲ್ ನಿವೃತ್ತರಾದರು. ಲಾಲ್‌ಬಾಗಿನ ಹೊಣೆ ಎಚ್.ಸಿ. ಜವರಾಯ ಅವರಿಗೆ ಬಂತು. ಮುಂದೆ ಎಂ.ಎಚ್. ಮರಿಗೌಡ ಅವರು ಆ ಸ್ಥಾನಕ್ಕೆ ಬಂದು ತೋಟಗಾರಿಕೆಯನ್ನು ರೈತರ ಹೊಲಗಳವರೆಗೆ ಕೊಂಡೊಯ್ದರು. ಕೆಲಸ ಒಬ್ಬರಿಂದ ಒಬ್ಬರ ಕೈಗೆ ಹೀಗೆ ಸಾಗಿತು. ಕೃಂಬಿಗಲ್ ನಿವೃತ್ತಿಯ ನಂತರವೂ ಸಲಹೆ ಕೊಡುತ್ತ ಬೆಂಗಳೂರಿನಲ್ಲೇ ನೆಲೆಸಿದರು. 1956ರ ಫೆಬ್ರವರಿ 8ರಂದು ತೀರಿಕೊಂಡಾಗ ಅವರಿಗೆ 90 ವರ್ಷ ತುಂಬಿತ್ತು. ಅವರ ಸಮಾಧಿ ಬೆಂಗಳೂರಿನಲ್ಲೇ ಇದೆ. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರನ್ನು ಇಟ್ಟಿದ್ದಾರೆ.

ಈಗ ಯಾರ ಸರದಿ?

ಅವರ ಕಾಲದಲ್ಲಿ ನೆಟ್ಟ ಸಸಿಗಳು ಇಂದು ಉಳಿದಿದ್ದರೆ ಅವಕ್ಕೆ ನೂರರ ಹತ್ತಿರದ ವಯಸ್ಸು. ಪ್ರತಿ ಮುಂಗಾರಿನಲ್ಲೂ ಬೆಂಗಳೂರಿನಲ್ಲಿ ಮರ ಉರುಳಿದ ಸುದ್ದಿ ಬರುತ್ತದೆ. ಜನ ಮರಕ್ಕೆ ಹೆದರುತ್ತಾರೆ. ಎಲ್ಲ ಹಳೆಯ ಮರಗಳನ್ನೂ ಕಡಿಯಿರಿ ಎನ್ನುವವರೂ ಇದ್ದಾರೆ. ಆದರೆ ಮರ ಬರೀ ಮುಪ್ಪಿನಿಂದ ಬೀಳುವುದಿಲ್ಲ. ಚರಂಡಿ ಅಗೆಯುವಾಗ ಬೇರು ಕಡಿದಿರುತ್ತಾರೆ. ಬುಡದವರೆಗೆ ಕಾಂಕ್ರೀಟು ಹಾಕಿ ನೀರು, ಗಾಳಿ ಹೋಗದಂತೆ ಮಾಡಿರುತ್ತಾರೆ. ಒಂದೇ ಕಡೆಯ ಕೊಂಬೆಗಳನ್ನು ಕಡಿದು ಮರ ವಾಲುವಂತೆ ಮಾಡಿರುತ್ತಾರೆ. ಕಾಂಡಕ್ಕೆ ಮೊಳೆ ಹೊಡೆದು ಫಲಕ ತೂಗುಹಾಕಿರುತ್ತಾರೆ. ಇವುಗಳಲ್ಲಿ ಒಂದೂ ಮರದ ತಪ್ಪಲ್ಲ.

ಕರ್ನಾಟಕದಲ್ಲಿ 1976ರಲ್ಲೇ ಮರಗಳನ್ನು ಉಳಿಸುವ ಕಾಯ್ದೆ ಬಂದಿದೆ. ಅದರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಯ ಮರಗಳಿಗೆ ಮಾತ್ರ ವಿನಾಯಿತಿ ಇದೆ. ಕಾಯ್ದೆ ಮರವನ್ನು ಕಡಿಯದಂತೆ ತಡೆಯಬಲ್ಲದು. ಆದರೆ ಒಣಕೊಂಬೆಯನ್ನು ಸರಿಯಾಗಿ ತೆಗೆಯಲು ಕಲಿತ ಕೈಗಳೇ ಬೇಕು. ಶ್ರೀನಿವಾಸಪುರದ ಮಾವಿನ ತೋಪುಗಳಿಗೂ, ನಮ್ಮ ಹುಣಸೆ ಸಾಲುಗಳಿಗೂ ಅಂಥ ಕೈಗಳು ಬೇಕು. ಮುಂದೆ ನಿಮ್ಮಲ್ಲಿ ಯಾರಾದರೂ ಮರವೈದ್ಯರಾದರೆ ಅದು ಸಣ್ಣ ಕೆಲಸವಲ್ಲ. ನೀವು ಉಳಿಸಿದ ಮರದ ನೆರಳಿನಲ್ಲಿ ನಿಮ್ಮ ಮೊಮ್ಮಕ್ಕಳು ಆಡುತ್ತಾರೆ.

ಮಾಡಿ ನೋಡಿ

1. ನಿಮ್ಮ ಶಾಲೆಯ ಅಥವಾ ಊರಿನ ದೊಡ್ಡ ಮರವೊಂದನ್ನು ಆರಿಸಿ. ನೆಲದಿಂದ 1 ಮೀಟರ್ 37 ಸೆಂಟಿಮೀಟರ್ ಎತ್ತರದಲ್ಲಿ ಕಾಂಡದ ಸುತ್ತ ದಾರ ಸುತ್ತಿ, ದಾರವನ್ನು ಸ್ಕೇಲಿನಿಂದ ಅಳೆಯಿರಿ. ಇದು ಮರದ ಸುತ್ತಳತೆ. ಅದನ್ನು 3.14ರಿಂದ ಭಾಗಿಸಿದರೆ ಕಾಂಡದ ಅಡ್ಡಳತೆ ಸಿಗುತ್ತದೆ. ದಿನಾಂಕ ಹಾಕಿ ಬರೆದಿಡಿ. ಮುಂದಿನ ವರ್ಷ ಅದೇ ದಿನ ಮತ್ತೆ ಅಳೆಯಿರಿ.

2. ಹಿಂದೆ ಕೊಂಬೆ ಕಡಿದ ಗುರುತುಗಳನ್ನು ಕೆಳಗೆ ನಿಂತೇ ಹುಡುಕಿ. ಸುತ್ತಲೂ ಬಳೆಯಂತೆ ಹೊಸ ಕಟ್ಟಿಗೆ ಬೆಳೆದಿದೆಯೇ? ಮೋಟು ಉಳಿದು ಕೊಳೆತಿದೆಯೇ? ಚಿತ್ರ ಬರೆಯಿರಿ.

3. ನಿಮ್ಮ ಊರಿನ ಮರಗಳು ಹೂ ಬಿಡುವ ತಿಂಗಳುಗಳ ಪಟ್ಟಿ ಮಾಡಿ. ಹೂವಿಲ್ಲದ ತಿಂಗಳು ಯಾವುದು? ಆ ತಿಂಗಳಲ್ಲಿ ಹೂ ಬಿಡುವ ನಮ್ಮ ನೆಲದ ಮರ ಯಾವುದೆಂದು ಶಿಕ್ಷಕರನ್ನೂ ಹಿರಿಯರನ್ನೂ ಕೇಳಿ, ಮಳೆಗಾಲದಲ್ಲಿ ಅದರ ಒಂದು ಸಸಿ ನೆಡಿ.

ಎಚ್ಚರಿಕೆ: ಇದಕ್ಕಾಗಿ ಯಾರೂ ಮರ ಹತ್ತಬೇಡಿ. ಮಚ್ಚು, ಗರಗಸ ಮುಟ್ಟಬೇಡಿ. ತಂತಿಯ ಹತ್ತಿರದ ಕೊಂಬೆಯನ್ನು ಕೋಲಿನಿಂದಲೂ ತಾಗಿಸಬೇಡಿ. ಮೇಲೆ ಒಣಕೊಂಬೆ ಜೋತಾಡುತ್ತಿದ್ದರೆ ಅದರ ಕೆಳಗೆ ಆಡಬೇಡಿ, ಕೂಡಲೇ ಶಿಕ್ಷಕರಿಗೆ ತಿಳಿಸಿ. ಅಪಾಯವನ್ನು ಮೊದಲು ಕಂಡು ಹೇಳಿದವರೂ ಮರವೈದ್ಯರ ಬಳಗಕ್ಕೆ ಸೇರಿದಂತೆಯೇ.